ಬೀಳುವ ವಸ್ತುವಿನ ವೇಗ ತಪ್ಪಾಗಿ ಬಂದಾಗ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ಎತ್ತರದಿಂದ ಬಿಟ್ಟ ವಸ್ತು ನೆಲ ಮುಟ್ಟುವ ಹೊತ್ತಿಗೆ ಎಷ್ಟು ವೇಗ ಪಡೆದಿರುತ್ತದೆ ಎಂಬ ಲೆಕ್ಕವನ್ನು ಪ್ರೌಢಶಾಲೆಯಲ್ಲೇ ಕಲಿಸಲಾಗುತ್ತದೆ. ಸೂತ್ರ ಒಂದೇ ಸಾಲಿನದು: ವೇಗದ ವರ್ಗವು ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧದ ಎರಡರಷ್ಟು. ಇಷ್ಟು ಸರಳವಾದ ಲೆಕ್ಕದಲ್ಲಿಯೂ, ಅದನ್ನು ಪರೀಕ್ಷಿಸಲು ಮಾಡುವ ಪ್ರಯೋಗದಲ್ಲಿಯೂ ಉತ್ತರ ತಪ್ಪುವುದು ಸಾಮಾನ್ಯ. ತಪ್ಪಿದಾಗ ಹೆಚ್ಚಿನ ವಿದ್ಯಾರ್ಥಿಗಳು ಮಾಡುವುದು ಎರಡೇ ಕೆಲಸ: ಅದೇ ಪ್ರಯೋಗವನ್ನು ಇನ್ನೂ ಎಚ್ಚರಿಕೆಯಿಂದ ಮತ್ತೆ ಮಾಡುವುದು, ಇಲ್ಲವೇ ಗುರುತ್ವ ವೇಗೋತ್ಕರ್ಷಕ್ಕೆ ಪಕ್ಕದವರ ರೆಕಾರ್ಡ್ ಪುಸ್ತಕದಲ್ಲಿರುವ 9.8 ಎಂಬ ಅಂಕಿಯನ್ನು ತಮ್ಮದರಲ್ಲಿಯೂ ಬರೆದುಕೊಳ್ಳುವುದು. ಎರಡರಿಂದಲೂ ದೋಷ ಸಿಗುವುದಿಲ್ಲ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಇಂಥ ತಪ್ಪುಗಳನ್ನು ನೋಡಿದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ತಪ್ಪು ಉತ್ತರವೇ ತನ್ನ ಕಾರಣವನ್ನು ಹೇಳುತ್ತದೆ. ಉತ್ತರ ಸರಿಯಾದದ್ದಕ್ಕಿಂತ ಹೆಚ್ಚೋ ಕಡಿಮೆಯೋ, ಎಷ್ಟು ಪಟ್ಟು, ಮತ್ತು ಎತ್ತರ ಬದಲಾದಂತೆ ಆ ವ್ಯತ್ಯಾಸ ಹೇಗೆ ಬದಲಾಗುತ್ತದೆ ಎಂಬ ಮೂರು ಸಂಗತಿಗಳನ್ನು ನೋಡಿದರೆ, ಉಪಕರಣವನ್ನು ಬಿಚ್ಚುವ ಮೊದಲೇ ದೋಷದ ಜಾಗ ಬಹುಮಟ್ಟಿಗೆ ತಿಳಿಯುತ್ತದೆ.

ಹೋಲಿಸಲು ಬೇಕಾದ ಅಂಕಿಗಳು

ತಪ್ಪು ಎಷ್ಟು ಎಂದು ಹೇಳಬೇಕಾದರೆ ಸರಿಯಾದದ್ದು ಎಷ್ಟು ಎಂದು ಮೊದಲೇ ಗೊತ್ತಿರಬೇಕು. ಗುರುತ್ವ ವೇಗೋತ್ಕರ್ಷವನ್ನು ಇನ್ನು ಮುಂದೆ ಜಿ ಎಂದೇ ಕರೆಯುತ್ತೇನೆ. ಬೆಂಗಳೂರಿನಲ್ಲಿ ಅದರ ಬೆಲೆ ಸುಮಾರು 9.78 ಮೀ/ಸೆ². ಈ ಬೆಲೆ ಹಿಡಿದು ಲೆಕ್ಕ ಹಾಕಿದರೆ, ವಿಶ್ರಾಂತ ಸ್ಥಿತಿಯಿಂದ ಬಿಟ್ಟ ಉಕ್ಕಿನ ಗುಂಡು ಕಾಲು ಮೀಟರ್ ಬೀಳಲು 0.226 ಸೆಕೆಂಡ್ ತೆಗೆದುಕೊಂಡು 2.21 ಮೀ/ಸೆ ವೇಗ ಪಡೆಯುತ್ತದೆ. ಅರ್ಧ ಮೀಟರಿಗೆ 0.320 ಸೆಕೆಂಡ್ ಮತ್ತು 3.13 ಮೀ/ಸೆ, ಒಂದು ಮೀಟರಿಗೆ 0.452 ಸೆಕೆಂಡ್ ಮತ್ತು 4.42 ಮೀ/ಸೆ, ಎರಡು ಮೀಟರಿಗೆ 0.640 ಸೆಕೆಂಡ್ ಮತ್ತು 6.25 ಮೀ/ಸೆ. ಈ ನಾಲ್ಕು ಸಾಲುಗಳನ್ನು ಪ್ರಯೋಗಕ್ಕೆ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಎತ್ತರ ನಾಲ್ಕು ಪಟ್ಟಾದಾಗ ವೇಗ ಎರಡೇ ಪಟ್ಟಾಗಿರುವುದನ್ನು ಇಲ್ಲಿಯೇ ಗಮನಿಸಬೇಕು. ನಿಮ್ಮ ಉತ್ತರಗಳಲ್ಲಿ ಎತ್ತರ ಇಮ್ಮಡಿಯಾದಾಗ ವೇಗವೂ ಇಮ್ಮಡಿಯಾಗಿದ್ದರೆ, ವರ್ಗಮೂಲ ತೆಗೆಯುವುದು ಎಲ್ಲೋ ಬಿಟ್ಟುಹೋಗಿದೆ ಎಂದರ್ಥ.

ಉಪಕರಣಕ್ಕೆ ಕೈ ಹಾಕುವ ಮೊದಲು ಲೆಕ್ಕದ ಹಾಳೆ

ಅತಿ ಹೆಚ್ಚು ಕಂಡುಬರುವ ದೋಷವೆಂದರೆ ಉತ್ತರ ಸರಿಯಾಗಿ ಅರ್ಧದಷ್ಟು ಬರುವುದು. ಐವತ್ತು ಅಡಿ ಎತ್ತರದ ತೆಂಗಿನ ಮರದಿಂದ ಕಾಯಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ಐವತ್ತು ಅಡಿ ಎಂದರೆ 15.24 ಮೀಟರ್, ಗಾಳಿಯ ತಡೆಯನ್ನು ಬಿಟ್ಟರೆ ಬೀಳಲು 1.77 ಸೆಕೆಂಡ್ ಬೇಕು. ದೂರವನ್ನು ಕಾಲದಿಂದ ಭಾಗಿಸಿದವರಿಗೆ 8.6 ಮೀ/ಸೆ ಎಂಬ ಉತ್ತರ ಸಿಗುತ್ತದೆ. ಇದು ಇಡೀ ಪಯಣದ ಸರಾಸರಿ ವೇಗ, ನೆಲ ಮುಟ್ಟುವಾಗಿನ ವೇಗವಲ್ಲ. ಸೊನ್ನೆಯಿಂದ ಹೊರಟು ಒಂದೇ ಸಮನೆ ಏರುವ ವೇಗದ ಸರಾಸರಿಯು ಅಂತಿಮ ವೇಗದ ಅರ್ಧವಾಗಿರುವುದರಿಂದ, ನಿಜವಾದ ಉತ್ತರ 17.3 ಮೀ/ಸೆ, ಅಂದರೆ ಗಂಟೆಗೆ 62 ಕಿಲೋಮೀಟರ್. ಹೆದ್ದಾರಿಯ ವಾಹನದ ವೇಗಕ್ಕೂ ಓಣಿಯಲ್ಲಿ ಹೋಗುವ ಸ್ಕೂಟರಿನ ವೇಗಕ್ಕೂ ಇರುವ ವ್ಯತ್ಯಾಸ ಇದು. ಮರದಡಿ ನಿಲ್ಲುವವರ ತಲೆಗೆ ಸಂಬಂಧಿಸಿದ ಲೆಕ್ಕವಾದ್ದರಿಂದ ಸಣ್ಣ ತಪ್ಪೆಂದು ಬಿಡುವಂತಿಲ್ಲ.

ಏಕಮಾನಗಳ ತಪ್ಪು ತನ್ನದೇ ಗುರುತು ಬಿಡುತ್ತದೆ. ಎತ್ತರವನ್ನು ಸೆಂಟಿಮೀಟರಿನಲ್ಲಿಟ್ಟು ಜಿ ಬೆಲೆಯನ್ನು ಮೀಟರಿನಲ್ಲಿಟ್ಟರೆ ಉತ್ತರ ನೂರು ಪಟ್ಟಲ್ಲ, ಹತ್ತು ಪಟ್ಟು ಹೆಚ್ಚು ಬರುತ್ತದೆ, ಏಕೆಂದರೆ ನೂರು ವರ್ಗಮೂಲದೊಳಗೆ ಸಿಕ್ಕಿಕೊಂಡಿದೆ. ನೂರು ಪಟ್ಟನ್ನು ನಿರೀಕ್ಷಿಸುವವರು ಹತ್ತು ಪಟ್ಟು ಕಂಡಾಗ ಬೇರೆಲ್ಲೋ ಹುಡುಕುತ್ತಾರೆ. ನಮ್ಮಲ್ಲಿ ಕಟ್ಟಡ, ಮರ, ಬಾವಿಗಳನ್ನು ಅಳೆಯುವುದು ಅಡಿಯಲ್ಲಿ; ಅದನ್ನು ಮೀಟರಿಗೆ ತಿರುಗಿಸದೆ ಸೂತ್ರಕ್ಕೆ ಹಾಕಿದರೆ ಉತ್ತರ 1.81 ಪಟ್ಟು ಹೆಚ್ಚುತ್ತದೆ. ಹತ್ತು ಅಡಿಯ ಮಹಡಿಯಿಂದ ಬಿದ್ದ ವಸ್ತುವಿನ ವೇಗ 7.7 ಮೀ/ಸೆ ಬರಬೇಕಾದಲ್ಲಿ 14 ಬಂದಿದ್ದರೆ ಟೇಪಿನ ಯಾವ ಬದಿಯನ್ನು ಓದಿದ್ದೀರಿ ಎಂದು ನೋಡಿ. ಉತ್ತರ 0.71 ಪಟ್ಟಾಗಿದ್ದರೆ ಸೂತ್ರದಲ್ಲಿನ 2 ಬಿಟ್ಟುಹೋಗಿದೆ. 3.6 ಪಟ್ಟಾಗಿದ್ದರೆ ಅದು ತಪ್ಪೇ ಅಲ್ಲ, ಗಂಟೆಗೆ ಕಿಲೋಮೀಟರಿನಲ್ಲಿ ಬಂದಿರುವ ಉತ್ತರ.

ಇನ್ನೊಂದು ದೋಷ ಅಂಕಿಯದಲ್ಲ, ತಿಳಿವಳಿಕೆಯದು. ನೆಲಕ್ಕೆ ಬಿದ್ದ ವಸ್ತು ನಿಂತುಬಿಡುತ್ತದೆ, ಆದ್ದರಿಂದ ಅಂತಿಮ ವೇಗ ಸೊನ್ನೆ ಎಂದು ಬರೆದು ಮುಂದುವರಿಯುವವರಿದ್ದಾರೆ. ನೆಲ ಮುಟ್ಟಿದ ಕ್ಷಣದಿಂದ ಗುರುತ್ವದ ಜೊತೆಗೆ ನೆಲದ ಬಲವೂ ಸೇರಿಕೊಳ್ಳುವುದರಿಂದ ನಮ್ಮ ಸೂತ್ರದ ಅಧಿಕಾರ ಅದರ ಹಿಂದಿನ ಕ್ಷಣಕ್ಕೇ ಮುಗಿಯುತ್ತದೆ. ಹಾಗೆಯೇ ವಸ್ತುವನ್ನು ಸುಮ್ಮನೆ ಬಿಡದೆ ಎಸೆದಿದ್ದರೆ, ಎಸೆದ ವೇಗವನ್ನು ಕೊನೆಯಲ್ಲಿ ನೇರವಾಗಿ ಕೂಡಿಸುವ ತಪ್ಪಾಗುತ್ತದೆ. ಹತ್ತು ಮೀಟರ್ ಎತ್ತರದಿಂದ 5 ಮೀ/ಸೆ ವೇಗದಲ್ಲಿ ಕೆಳಕ್ಕೆ ಎಸೆದ ಕಲ್ಲಿನ ವೇಗ ನೆಲದ ಬಳಿ 14 ಕೂಡಿಸು 5, ಅಂದರೆ 19 ಅಲ್ಲ. ಕೂಡಬೇಕಾದದ್ದು ವರ್ಗಗಳನ್ನು: 25 ಮತ್ತು 195.6 ಸೇರಿ 220.6, ಅದರ ಮೂಲ 14.9 ಮೀ/ಸೆ. ಅದೇ ಕಲ್ಲನ್ನು ಅದೇ ವೇಗದಲ್ಲಿ ಮೇಲಕ್ಕೆ ಎಸೆದರೂ ನೆಲದ ಬಳಿ ಉತ್ತರ 14.9 ಆಗಿರುತ್ತದೆ, ಬೇರೆ ಬಂದರೆ ಚಿಹ್ನೆಗಳನ್ನು ಮತ್ತೆ ನೋಡಬೇಕು.

ಎತ್ತರ ಬದಲಿಸಿ ನೋಡುವುದೇ ಮುಖ್ಯ ಪರೀಕ್ಷೆ

ಹಾಳೆಯಲ್ಲಿ ತಪ್ಪಿಲ್ಲವೆಂದು ಖಚಿತವಾದ ಮೇಲೆ ಪ್ರಯೋಗಕ್ಕೆ ಬನ್ನಿ. ಒಂದೇ ಎತ್ತರದಲ್ಲಿ ಇಪ್ಪತ್ತು ಸಲ ಬೀಳಿಸುವುದಕ್ಕಿಂತ ನಾಲ್ಕು ಬೇರೆ ಬೇರೆ ಎತ್ತರಗಳಲ್ಲಿ ಐದೈದು ಸಲ ಬೀಳಿಸುವುದು ದೋಷ ಹುಡುಕಲು ಎಷ್ಟೋ ಮೇಲು. ಎಲ್ಲ ಎತ್ತರಗಳಲ್ಲೂ ಉತ್ತರ ಒಂದೇ ಪಟ್ಟಿನಲ್ಲಿ ತಪ್ಪಿದ್ದರೆ ಅಳತೆಗೋಲಿನಲ್ಲೋ ಗಡಿಯಾರದ ಅಳತೆಯಲ್ಲೋ ದೋಷವಿದೆ. ಕಡಿಮೆ ಎತ್ತರದಲ್ಲಿ ತಪ್ಪು ದೊಡ್ಡದಾಗಿದ್ದು ಎತ್ತರ ಹೆಚ್ಚಿದಂತೆ ಕರಗುತ್ತಿದ್ದರೆ, ಪ್ರತಿ ಸಲವೂ ಒಂದೇ ಪ್ರಮಾಣದ ತಡ ಎಲ್ಲೋ ಸೇರಿಕೊಳ್ಳುತ್ತಿದೆ. ಎತ್ತರ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತಿದ್ದರೆ ಗಾಳಿಯನ್ನು ಅಥವಾ ಶಬ್ದವನ್ನು ಶಂಕಿಸಬೇಕು. ಯಾವ ಕ್ರಮವೂ ಇಲ್ಲದೆ ಅಂಕಿಗಳು ಚದುರಿದ್ದರೆ ಅದು ಕೈಯಿಂದ ಒತ್ತುವ ಸ್ಟಾಪ್‌ವಾಚಿನ ಲಕ್ಷಣ.

ಈ ಕೊನೆಯದನ್ನು ಬೇಗ ಮುಗಿಸಬಹುದು. ಕಣ್ಣು ನೋಡಿ ಬೆರಳು ಒತ್ತುವುದಕ್ಕೆ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು, ಅದೂ ಪ್ರತಿ ಸಲ ಒಂದೇ ಆಗಿರುವುದಿಲ್ಲ. ಎರಡು ಮೀಟರ್ ಬೀಳಲು ಬೇಕಾದದ್ದೇ 0.64 ಸೆಕೆಂಡ್. ಅದರಲ್ಲಿ ಹತ್ತನೇ ಒಂದು ಸೆಕೆಂಡ್ ಆಚೀಚೆಯಾದರೆ ಜಿ ಬೆಲೆ ಒಮ್ಮೆ 13.7, ಒಮ್ಮೆ 7.3 ಎಂದು ಬರುತ್ತದೆ. ಇಂಥ ಅಂಕಿಗಳ ಸರಾಸರಿ 9.8ರ ಹತ್ತಿರ ಬಂದರೂ ಅದನ್ನು ಅಳತೆಯೆಂದು ಒಪ್ಪಬಾರದು. ಮಹಡಿಯ ಎತ್ತರದ ಒಳಗಿನ ಪ್ರಯೋಗಗಳಿಗೆ ಸ್ಟಾಪ್‌ವಾಚನ್ನು ಬಳಸಲೇಬೇಡಿ.

ಪ್ರತಿ ಸಲವೂ ಸೇರಿಕೊಳ್ಳುವ ತಡ

ವಿದ್ಯುತ್ಕಾಂತಕ್ಕೆ ಅಂಟಿದ ಉಕ್ಕಿನ ಗುಂಡನ್ನು ಸ್ವಿಚ್ ಆರಿಸಿ ಬೀಳಿಸುವ ಉಪಕರಣ ಅನೇಕ ಕಾಲೇಜುಗಳಲ್ಲಿದೆ. ಸ್ವಿಚ್ ಆರಿದೊಡನೆ ಗಡಿಯಾರ ಓಡತೊಡಗುತ್ತದೆ, ಗುಂಡು ಕೆಳಗಿನ ತಟ್ಟೆಗೆ ಬಡಿದಾಗ ನಿಲ್ಲುತ್ತದೆ. ಒಮ್ಮೆ ಇಂಥ ಉಪಕರಣದಲ್ಲಿ ಮೇಲೆ ಹೇಳಿದ ನಾಲ್ಕು ಎತ್ತರಗಳಿಗೆ 0.246, 0.340, 0.472, 0.660 ಸೆಕೆಂಡ್‌ಗಳು ಬಂದವು. ಒಂದೊಂದರಿಂದಲೂ ಜಿ ಲೆಕ್ಕ ಹಾಕಿದಾಗ ಕ್ರಮವಾಗಿ 8.3, 8.7, 9.0, 9.2 ಸಿಕ್ಕಿತು. ವಿದ್ಯಾರ್ಥಿಗಳು ಈ ನಾಲ್ಕರ ಸರಾಸರಿ ತೆಗೆಯಲು ಹೊರಟಿದ್ದರು. ಆದರೆ ಏರುತ್ತಾ ಹೋಗುವ ಅಂಕಿಗಳ ಸರಾಸರಿಗೆ ಅರ್ಥವಿಲ್ಲ; ಆ ಏರಿಕೆಯೇ ಇಲ್ಲಿ ಗಮನಿಸಬೇಕಾದ ಸಂಗತಿ. ಪ್ರತಿ ಕಾಲವನ್ನೂ ಮೊದಲ ಪಟ್ಟಿಯೊಂದಿಗೆ ಇಟ್ಟು ನೋಡಿದರೆ ನಾಲ್ಕರಲ್ಲೂ ಹೆಚ್ಚು ಕಡಿಮೆ 0.02 ಸೆಕೆಂಡ್ ಅಧಿಕವಿರುವುದು ಕಾಣುತ್ತದೆ. ಸ್ವಿಚ್ ಆರಿದ ಮೇಲೂ ಕಬ್ಬಿಣದ ತಿರುಳಿನಲ್ಲಿ ಸ್ವಲ್ಪ ಕಾಂತತ್ವ ಉಳಿದು ಗುಂಡನ್ನು ಅಷ್ಟು ಹೊತ್ತು ಹಿಡಿದುಕೊಂಡಿತ್ತು.

ಪರಿಹಾರ ಸುಲಭ. ಕಾಂತಕ್ಕೂ ಗುಂಡಿಗೂ ನಡುವೆ ಒಂದು ತುಂಡು ಕಾಗದ ಅಂಟಿಸಿ, ಗುಂಡು ಬೀಳದೆ ನಿಲ್ಲಲು ಎಷ್ಟು ಬೇಕೋ ಅಷ್ಟಕ್ಕೇ ವಿದ್ಯುತ್ತನ್ನು ಇಳಿಸಿದರೆ ತಡ ಬಹಳ ಕಡಿಮೆಯಾಗುತ್ತದೆ. ಉಪಕರಣವನ್ನು ಮುಟ್ಟದೆಯೂ ಈ ದೋಷವನ್ನು ಲೆಕ್ಕದಿಂದ ಹೊರಹಾಕಬಹುದು, ಮತ್ತು ಈ ದಾರಿಯನ್ನು ಪ್ರತಿ ವಿದ್ಯಾರ್ಥಿಯೂ ಕಲಿಯಬೇಕೆಂಬುದು ನನ್ನ ಆಸೆ. ಎತ್ತರದ ವರ್ಗಮೂಲವನ್ನು ನಿಲುವಿನಲ್ಲಿಯೂ ಕಾಲವನ್ನು ಅಡ್ಡಕ್ಕೂ ಇಟ್ಟು ನಕ್ಷೆ ಬರೆಯಿರಿ. ತಡವಿಲ್ಲದಿದ್ದರೆ ಸರಳರೇಖೆ ಮೂಲಬಿಂದುವಿನ ಮೂಲಕ ಹಾಯುತ್ತದೆ. ತಡವಿದ್ದರೆ ರೇಖೆ ನೇರವಾಗಿಯೇ ಇದ್ದು, ತಡದಷ್ಟು ಬಲಕ್ಕೆ ಸರಿದಿರುತ್ತದೆ. ಮೇಲಿನ ಅಂಕಿಗಳಲ್ಲಿ ಮೊದಲ ಮತ್ತು ಕೊನೆಯ ಬಿಂದುಗಳನ್ನು ತೆಗೆದುಕೊಂಡರೆ, ವರ್ಗಮೂಲಗಳ ವ್ಯತ್ಯಾಸ 1.414 ಕಳೆ 0.500, ಅಂದರೆ 0.914, ಕಾಲದ ವ್ಯತ್ಯಾಸ 0.414. ಭಾಗಿಸಿದರೆ ಇಳಿಜಾರು 2.208. ಅದರ ವರ್ಗದ ಎರಡರಷ್ಟೇ ಜಿ: 9.75. ಬಿಡಿಬಿಡಿಯಾಗಿ 8.3ರಿಂದ 9.2ರವರೆಗೆ ತಪ್ಪಾಗಿದ್ದ ಅದೇ ಅಂಕಿಗಳಿಂದ, ಒಂದನ್ನೂ ತಿದ್ದದೆ, ಸರಿಯಾದ ಬೆಲೆ ಹೊರಬಂದಿತು.

ಎಲ್ಲೆಡೆ ಒಂದೇ ಪಟ್ಟು ತಪ್ಪಿದ್ದರೆ

ಈಗ ಬಹುತೇಕರು ಮೊಬೈಲ್ ಫೋನಿನ ವಿಡಿಯೋದಿಂದ ವೇಗ ಅಳೆಯುತ್ತಾರೆ. ಒಳ್ಳೆಯ ವಿಧಾನವೇ, ಆದರೆ ಇದರಲ್ಲಿ ಎಡವುವ ಜಾಗಗಳು ಎರಡಿವೆ. ಮೊದಲನೆಯದು ಫ್ರೇಮುಗಳ ಲೆಕ್ಕ. ಸೆಕೆಂಡಿಗೆ 240 ಫ್ರೇಮ್ ತೆಗೆದ ನಿಧಾನಗತಿಯ ವಿಡಿಯೋವನ್ನು ಫೋನು ಸೆಕೆಂಡಿಗೆ 30ರಂತೆ ಓಡಿಸಿ ತೋರಿಸುತ್ತದೆ; ಪರದೆಯ ಕೆಳಗೆ ಕಾಣುವ ಕಾಲ ಎಂಟು ಪಟ್ಟು ಹಿಗ್ಗಿದ್ದು. ಅದನ್ನೇ ನಿಜವೆಂದು ಹಿಡಿದರೆ ವೇಗ ಎಂಟರಲ್ಲಿ ಒಂದು ಪಾಲು, ಜಿ ಅರವತ್ನಾಲ್ಕರಲ್ಲಿ ಒಂದು ಪಾಲು, ಅಂದರೆ 0.15 ಬರುತ್ತದೆ. ಮಂದ ಬೆಳಕಿನಲ್ಲಿ ಕೆಲವು ಫೋನುಗಳು ಸೆಕೆಂಡಿಗೆ 30 ಫ್ರೇಮುಗಳ ಬದಲು ತಾವಾಗಿಯೇ ಕಡಿಮೆ ತೆಗೆಯುತ್ತವೆ. ಆದ್ದರಿಂದ ಹಗಲಿನಲ್ಲಿ, ಬಯಲು ಬೆಳಕಿನಲ್ಲಿ ಚಿತ್ರಿಸಿ, ಚೌಕಟ್ಟಿನೊಳಗೆ ಓಡುತ್ತಿರುವ ಒಂದು ಡಿಜಿಟಲ್ ಸ್ಟಾಪ್‌ವಾಚನ್ನು ಇಟ್ಟು ಫ್ರೇಮುಗಳನ್ನು ಎಣಿಸಿ ನೋಡಿ.

ಎರಡನೆಯದು ಹೆಚ್ಚು ಮೋಸದ್ದು. ಅಳತೆಯ ಟೇಪನ್ನು ಗೋಡೆಗೆ ಅಂಟಿಸಿ ಗುಂಡನ್ನು ಗೋಡೆಯಿಂದ ಒಂದು ಅಡಿ ಮುಂದೆ ಬೀಳಿಸುತ್ತಾರೆ. ಕ್ಯಾಮೆರಾ ಗೋಡೆಯಿಂದ 2 ಮೀಟರ್ ದೂರದಲ್ಲಿದ್ದು ಗುಂಡು ಕ್ಯಾಮೆರಾದಿಂದ 1.7 ಮೀಟರ್ ದೂರದಲ್ಲಿದ್ದರೆ, ಗುಂಡು ನಿಜವಾಗಿ 1.7 ಸೆಂಟಿಮೀಟರ್ ಇಳಿದಾಗ ಹಿಂದಿನ ಟೇಪಿನ ಮೇಲೆ 2 ಸೆಂಟಿಮೀಟರ್ ಇಳಿದಂತೆ ಕಾಣುತ್ತದೆ. ಎಲ್ಲ ದೂರಗಳೂ ಶೇಕಡ 18ರಷ್ಟು ಹಿಗ್ಗಿ ಜಿ 11.5 ಬರುತ್ತದೆ. ಅಂಕಿಗಳು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿರುತ್ತವೆ, ನಕ್ಷೆಯೂ ನೇರವಾಗಿರುತ್ತದೆ. ಅದಕ್ಕೇ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಗುಂಡು ಬೀಳುವ ದಾರಿಯ ಪಕ್ಕದಲ್ಲಿ, ಅದೇ ದೂರದಲ್ಲಿ ಅಳತೆಗೋಲನ್ನು ನಿಲ್ಲಿಸುವುದೊಂದೇ ಮದ್ದು.

ಈ ಎರಡನ್ನೂ ಸರಿಪಡಿಸಿದ ಮೇಲೆ ಸೆಕೆಂಡಿಗೆ 30 ಫ್ರೇಮುಗಳ ಸಾಮಾನ್ಯ ವಿಡಿಯೋ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಗುಂಡನ್ನು ಬಿಟ್ಟ ಕ್ಷಣ ಯಾವ ಫ್ರೇಮಿನಲ್ಲಿದೆ ಎಂದು ಹುಡುಕುವ ಅಗತ್ಯವೇ ಇಲ್ಲ. ಸಾಲಾಗಿ ಏಳು ಫ್ರೇಮುಗಳಲ್ಲಿ ಗುಂಡಿನ ಕೆಳ ಅಂಚು ಎಲ್ಲಿದೆ ಎಂದು ಓದಿ, ಒಂದರಿಂದ ಇನ್ನೊಂದಕ್ಕೆ ಇಳಿದ ದೂರಗಳನ್ನು ಬರೆಯಿರಿ. 8.2, 9.3, 10.3, 11.5, 12.5, 13.6 ಸೆಂಟಿಮೀಟರ್ ಬಂದವು ಎನ್ನಿ. ಪ್ರತಿ ಜಿಗಿತವೂ ಹಿಂದಿನದಕ್ಕಿಂತ ಸುಮಾರು 1.1 ಸೆಂಟಿಮೀಟರ್ ದೊಡ್ಡದು. ಮೊದಲನೆಯದರಿಂದ ಕೊನೆಯದಕ್ಕೆ ಐದು ಹೆಜ್ಜೆಗಳಲ್ಲಿ ಏರಿದ್ದು 5.4, ಹೆಜ್ಜೆಗೆ 1.08. ಇದನ್ನು 30ರ ವರ್ಗವಾದ 900ರಿಂದ ಗುಣಿಸಿದರೆ 972 ಸೆಂ.ಮೀ/ಸೆ², ಅಂದರೆ 9.72 ಮೀ/ಸೆ². ಕೊನೆಯ ಜಿಗಿತದ ನಡುವಿನ ವೇಗ ಬೇಕಿದ್ದರೆ 13.6ನ್ನು 30ರಿಂದ ಗುಣಿಸಿ: 4.08 ಮೀ/ಸೆ. ಸಮಾನ ಕಾಲಗಳಲ್ಲಿ ಬೀಳುವ ದೂರಗಳು 1, 3, 5, 7ರಂತೆ ಏರುತ್ತವೆ ಎಂದು ಗೆಲಿಲಿಯೋ ಇಳಿಜಾರಿನ ಮೇಲೆ ಗುಂಡು ಉರುಳಿಸಿ ಕಂಡುಕೊಂಡು 1638ರಲ್ಲಿ ಪ್ರಕಟಿಸಿದ ನಿಯಮವೇ ಈ ಸಮಾನ ಏರಿಕೆಯ ಹಿಂದೆ ಇರುವುದು.

ಬೆಳಕಿನ ಕಿರಣಕ್ಕೆ ಎಷ್ಟು ಹೊತ್ತು ತಡೆಯಾಯಿತು ಎಂದು ಅಳೆಯುವ ಫೋಟೋಗೇಟ್ ಎಂಬ ಸಾಧನ ಬಳಸುವವರಿಗೆ ಒಂದು ಮಾತು. ಗುಂಡಿನ ವ್ಯಾಸವನ್ನು ಅದು ಬೆಳಕನ್ನು ತಡೆದ ಕಾಲದಿಂದ ಭಾಗಿಸಿ ವೇಗ ಪಡೆಯುವಾಗ, ಬೆಳಕಿನ ಕಿರಣ ಗುಂಡಿನ ನಟ್ಟನಡುವೆ ಹಾಯುತ್ತದೆ ಎಂದು ನಾವು ನಂಬಿರುತ್ತೇವೆ. 2 ಸೆಂಟಿಮೀಟರ್ ವ್ಯಾಸದ ಗುಂಡಿನಲ್ಲಿ ಕಿರಣ ನಡುವಿನಿಂದ 6 ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ ತಡೆಯುವ ಅಗಲ 20 ಮಿಲಿಮೀಟರ್ ಬದಲು 16 ಮಾತ್ರ. ತಡೆದ ಕಾಲ ಕಡಿಮೆಯಾಗಿ, ಅರ್ಧ ಮೀಟರ್ ಬಿದ್ದ ಗುಂಡಿನ ವೇಗ 3.13ರ ಬದಲು 3.91 ಎಂದು ಬರುತ್ತದೆ. ಈ ದೋಷದಿಂದ ವೇಗ ಯಾವಾಗಲೂ ಹೆಚ್ಚೇ ಬರುತ್ತದೆ, ಕಡಿಮೆ ಬರುವುದೇ ಇಲ್ಲ. ಅದನ್ನು ಗುರುತಿಸಲು ಅದೊಂದೇ ಸಾಕು. ಗುಂಡು ಬಿಡುವ ಜಾಗದಿಂದ ದಾರಕ್ಕೆ ಕಟ್ಟಿದ ತೂಕವನ್ನು ಇಳಿಬಿಟ್ಟು, ದಾರ ಕಿರಣವನ್ನು ತಡೆಯುವಂತೆ ಗೇಟನ್ನು ಸರಿಸಿಕೊಳ್ಳಿ.

ಎತ್ತರದೊಂದಿಗೆ ಬೆಳೆಯುವ ತಪ್ಪು

ಟೇಬಲ್ ಟೆನಿಸ್ ಚೆಂಡಿನ ತೂಕ 2.7 ಗ್ರಾಂ, ವ್ಯಾಸ 40 ಮಿಲಿಮೀಟರ್. ಐದು ಮೀಟರ್ ಎತ್ತರದಿಂದ ಬಿಟ್ಟರೆ ಸೂತ್ರದ ಪ್ರಕಾರ 9.9 ಮೀ/ಸೆ ಬರಬೇಕು. ಗಾಳಿಯ ತಡೆಯನ್ನು ಸೇರಿಸಿ ಲೆಕ್ಕ ಹಾಕಿದರೆ ಸುಮಾರು 7.5 ಮಾತ್ರ. ಎರಡು ಸೆಂಟಿಮೀಟರಿನ ಉಕ್ಕಿನ ಗುಂಡಿಗೆ ಅದೇ ಎತ್ತರದಲ್ಲಿ ಶೇಕಡ ಒಂದರಷ್ಟೂ ವ್ಯತ್ಯಾಸವಾಗುವುದಿಲ್ಲ. ಇಲ್ಲಿ ಎಡವಿಸುವ ಒಂದು ಸೂಕ್ಷ್ಮವಿದೆ. ಗಾಳಿಯ ತಡೆಯಿಂದ ಚೆಂಡು ಬೀಳುವ ಕಾಲ ಸುಮಾರು 1.12 ಸೆಕೆಂಡಿಗೆ ಏರಿರುತ್ತದೆ. ಆ ಕಾಲವನ್ನು ಜಿ ಬೆಲೆಯಿಂದ ಗುಣಿಸಿ ವೇಗ ಕಂಡುಹಿಡಿದವರಿಗೆ ಸುಮಾರು 11 ಮೀ/ಸೆ ಸಿಗುತ್ತದೆ. ನಿಜವಾಗಿ ನಿಧಾನವಾದ ಚೆಂಡು ಲೆಕ್ಕದಲ್ಲಿ ವೇಗವಾಗಿ ಬಿದ್ದಂತೆ ಕಾಣುತ್ತದೆ! ವೇಗವನ್ನು ನೇರವಾಗಿ ಅಳೆದಿದ್ದೀರೋ ಕಾಲದಿಂದ ಲೆಕ್ಕ ಹಾಕಿದ್ದೀರೋ ಎಂಬುದನ್ನು ಹೇಳದೆ ಗಾಳಿಯ ದೋಷವನ್ನು ಗುರುತಿಸಲಾಗದು. ಸಂದೇಹವಿದ್ದರೆ ಅದೇ ಎತ್ತರದಿಂದ ಉಕ್ಕಿನ ಗುಂಡನ್ನೂ ಬೀಳಿಸಿ. ಅದು ಸರಿಯಾಗಿ ಬಂದು ಚೆಂಡು ಮಾತ್ರ ತಪ್ಪಿದರೆ ಉಪಕರಣದಲ್ಲಿ ದೋಷವಿಲ್ಲ.

ಜೋಗದ ರಾಜಾ ಧಾರೆಯ ಎತ್ತರ 253 ಮೀಟರ್. ಗಾಳಿಯನ್ನು ಮರೆತು ಲೆಕ್ಕ ಹಾಕಿದರೆ ನೀರು ಕೆಳಗೆ ತಲುಪುವಾಗ 70 ಮೀ/ಸೆ, ಅಂದರೆ ಗಂಟೆಗೆ 253 ಕಿಲೋಮೀಟರ್ ವೇಗ ಬರುತ್ತದೆ. ಎತ್ತರದ ಅಂಕಿಯೂ ವೇಗದ ಅಂಕಿಯೂ ಒಂದೇ ಆಗಿರುವುದು ಕೇವಲ ಕಾಕತಾಳೀಯ. ಆದರೆ ಧಾರೆ ಅರ್ಧ ದಾರಿಯಲ್ಲೇ ಒಡೆದು ತುಂತುರಾಗುವುದನ್ನು ಅಲ್ಲಿ ನಿಂತು ನೋಡಿದವರೆಲ್ಲ ಬಲ್ಲರು. ಬಿಡಿಯಾದ ದೊಡ್ಡ ಹನಿಯೊಂದು ಗಾಳಿಯಲ್ಲಿ ಸುಮಾರು 9 ಮೀ/ಸೆಗಿಂತ ವೇಗವಾಗಿ ಬೀಳಲಾರದು. ಇಂಥ ಕಡೆ ಈ ಸೂತ್ರ ಹಿಡಿಯುವುದಿಲ್ಲ. ಉತ್ತರ ತಪ್ಪಿದೆ ಎನ್ನುವುದಕ್ಕಿಂತ ಸೂತ್ರದ ಆಯ್ಕೆಯೇ ತಪ್ಪಿದೆ ಎನ್ನಬೇಕು.

ಬಾವಿಗೆ ಕಲ್ಲು ಹಾಕಿ ಸದ್ದು ಕೇಳಿ ಲೆಕ್ಕ ಹಾಕುವವರು ಸದ್ದು ಮೇಲೆ ಬರುವ ಕಾಲವನ್ನು ಕಳೆಯಬೇಕು. ನಲವತ್ತೈದು ಮೀಟರಿನ ಬಾವಿಯಲ್ಲಿ ಕಲ್ಲು ಬೀಳುವುದು 3.03 ಸೆಕೆಂಡಿನಲ್ಲಿ, ಸದ್ದು ಮೇಲೇರುವುದು 0.13 ಸೆಕೆಂಡಿನಲ್ಲಿ. ಒಟ್ಟು ಕಾಲವನ್ನೇ ಹಿಡಿದರೆ ಕಲ್ಲಿನ ವೇಗ 29.7ರ ಬದಲು 30.9 ಬಂದು, ಬಾವಿ 4 ಮೀಟರ್ ಹೆಚ್ಚು ಆಳವಾಗಿ ಕಾಣುತ್ತದೆ.

ಹುಡುಕುವುದನ್ನು ಯಾವಾಗ ನಿಲ್ಲಿಸಬೇಕು

ಪುಸ್ತಕದಲ್ಲಿ 9.81 ಇದೆ, ನಮಗೆ 9.76 ಬಂದಿದೆ, ದೋಷ ಎಲ್ಲಿದೆ ಎಂದು ಕೇಳುವವರಿದ್ದಾರೆ. 1901ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಒಪ್ಪಿಕೊಂಡ 9.80665 ಎಂಬುದು ಲೆಕ್ಕದ ಅನುಕೂಲಕ್ಕಾಗಿ ಗೊತ್ತುಪಡಿಸಿದ ಬೆಲೆ, ಎಲ್ಲ ಊರಿನಲ್ಲಿಯೂ ಅಳೆದಾಗ ಸಿಗುವ ಬೆಲೆಯಲ್ಲ. ಭೂಮಿ ತಿರುಗುತ್ತಿರುವುದರಿಂದಲೂ ನಡುವಿನಲ್ಲಿ ಸ್ವಲ್ಪ ಉಬ್ಬಿರುವುದರಿಂದಲೂ ಜಿ ಸಮಭಾಜಕ ವೃತ್ತದಲ್ಲಿ 9.780, ಧ್ರುವಗಳಲ್ಲಿ 9.832 ಇರುತ್ತದೆ. ಕರ್ನಾಟಕ ಸಮಭಾಜಕ ವೃತ್ತಕ್ಕೆ ಸಮೀಪದಲ್ಲಿದೆ. ಜೊತೆಗೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಎತ್ತರವೂ ಜಿ ಬೆಲೆಯನ್ನು ಸ್ವಲ್ಪ ಇಳಿಸುತ್ತದೆ. ಇಲ್ಲಿ ಅಳೆದವರು 9.81ನ್ನು ಗುರಿಯಾಗಿಟ್ಟುಕೊಂಡರೆ ಇಲ್ಲದ ದೋಷವನ್ನು ಹುಡುಕಬೇಕಾಗುತ್ತದೆ. ಒಂದು ಮೀಟರಿನ ಬೀಳುವಿಕೆಯಲ್ಲಿ ಎತ್ತರವನ್ನು 2 ಮಿಲಿಮೀಟರಿನಷ್ಟು, ಕಾಲವನ್ನು ಸಾವಿರದಲ್ಲೊಂದು ಸೆಕೆಂಡಿನಷ್ಟು ಖಚಿತವಾಗಿ ಅಳೆದಿದ್ದರೂ ಜಿ ಬೆಲೆಯಲ್ಲಿ 0.06ರಷ್ಟು ಏರುಪೇರು ಉಳಿದೇ ಇರುತ್ತದೆ. ನಾಲ್ಕೂ ಎತ್ತರಗಳಲ್ಲಿ ನಿಮಗೆ 9.72ರಿಂದ 9.84ರೊಳಗೆ, ಏರಿಕೆ ಇಳಿಕೆಯ ಕ್ರಮವಿಲ್ಲದೆ ಬೆಲೆಗಳು ಬಂದಿದ್ದರೆ ಉಪಕರಣವನ್ನು ಮುಚ್ಚಿಟ್ಟು, ಬಂದ ಅಂಕಿಗಳನ್ನು ಬಂದ ಹಾಗೆಯೇ ರೆಕಾರ್ಡ್ ಪುಸ್ತಕದಲ್ಲಿ ಬರೆಯಬಹುದು.